ಹಳೆ ಬಂಗಾರದ ಫೋಟೋ ಕಟ್ಟು: ಮೊದಲು ಬೆನ್ನು ನೋಡಿ

ಮುತ್ಯಾನ ಕಾಲದ, ಕಟ್ಟಿಗೆಗೆ ಬಂಗಾರದ ರೇಕು ಹಚ್ಚಿದ ಫೋಟೋ ಕಟ್ಟು ಮನೆಯಲ್ಲಿದೆಯಾ? ಹೊಳಪು ಕೊಡಿಸೋ ಮುಂಚೆ ಅದನ್ನು ತಿರುಗಿಸಿ, ಹಗಲು ಬೆಳಕಿನಲ್ಲಿ ಬೆನ್ನಿನ ಫೋಟೋ ತೆಗೆಯಿರಿ. ಅದು ಯಾರ ಮನೆಯಿಂದ ಬಂತು ಅನ್ನೋ ಗುರುತು ಜಾಸ್ತಿ ಸಿಗೋದು ಅಲ್ಲೇ.

ನಮ್ಮದು ಹುಮನಾಬಾದಿನ ಮನೆಯಿಂದ ಕಲಬುರಗಿಗೆ ಬಂದ ಕಟ್ಟು, ಒಳಗೆ ಲಕ್ಷ್ಮಿ ಚಿತ್ರ. ಗಾಜು ಒಡೆದಾಗ ಒಂದು ಅಂಗಡಿಗೆ ಕೊಟ್ಟಿದ್ದೆ. ಅವರು ಹಿಂದಿನ ಹಲಗೆಯನ್ನೂ ಬದಲಿಸಿ, ಹಳೆಯದನ್ನು ಎಸೆದುಬಿಟ್ಟಿದ್ದರು. ಉರ್ದು ಬರಹದ ಚೀಟಿ ಅದರ ಮೇಲೇ ಇತ್ತು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಕಟ್ಟಿಗೆಯ ಅಂಚಿಗೆ ಆ ಚೀಟಿಯ ಬೆರಳಗಲದ ತುಂಡು ಮಾತ್ರ ಅಂಟಿಕೊಂಡು ಉಳಿದಿತ್ತು. ಅಂಗಡಿಗೆ ಕೊಡುವಾಗ ಮೊಳೆ, ಹಲಗೆ, ಕಾಗದ ಎಲ್ಲಾ ಒಂದು ಚೀಲದಲ್ಲಿ ಹಾಕಿ ವಾಪಸ್ ಕೊಡಿ ಅಂತ ಮೊದಲೇ ಹೇಳಿ.

ಆ ತುಂಡನ್ನು ಪಕ್ಕದ ಮನೆಯ ಉರ್ದು ಮಾಸ್ತರರಿಗೆ ತೋರಿಸಿದೆ. "1338 ಅಂತ ಐತಿ ತಂಗಿ, ಮುಂದ ಫಸಲಿ ಅಂತ ಬರದಾರ" ಅಂದರು. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ, ನಡೆಯುತ್ತಿತ್ತು. ಅದಕ್ಕೆ 590 ಕೂಡಿಸಿದರೆ 1928. ಅಕ್ಟೋಬರಿಗೆ ವರ್ಷ ಶುರುವಾಗುತ್ತಿದ್ದರಿಂದ 1929ರ ಅರ್ಧಕ್ಕೂ ಹೆಚ್ಚು ಭಾಗ ಅದರಲ್ಲೇ ಬರುತ್ತದೆ. ಅದೇ 1338 ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ, ಆಗಿದ್ದರೆ 1919-20. ಆ ಒಂದು ಪದ ಓದದೆ ಲೆಕ್ಕ ಹಾಕಬೇಡಿ. ಚೀಟಿ ಅಂಟಿಸಿದ ವರ್ಷವೇ ಕಟ್ಟು ಮಾಡಿದ ವರ್ಷ ಅಂತಲೂ ಅಲ್ಲ.

ಮೂಲೆಗಳನ್ನೂ ನೋಡಿ. ಹೂಬಳ್ಳಿ ಮೂಲೆಯಲ್ಲಿ ಅರ್ಧಕ್ಕೆ ಕತ್ತರಿಸಿದಂತಿದ್ದರೆ, ದೊಡ್ಡ ಕಟ್ಟನ್ನು ಕೊಯ್ದು ಚಿಕ್ಕದು ಮಾಡಿರಬಹುದು. ಸುಮ್ನೆ ಖಾಲಿ ಮೊಳೆ ತೂತುಗಳಿದ್ದರೆ, ಒಳಗಿನ ಚಿತ್ರ ಬದಲಾಗಿರೋ ಸಾಧ್ಯತೆ ಇದೆ.

ದೀಪಾವಳಿಗೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಬಂಗಾರದ ರೇಕಿನ ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಬಳಿದ ಪದರ ಇರುತ್ತದೆ. ನೀರು ತಾಗಿದರೆ ಎಲ್ಲಾ ಮೆತ್ತಗಾಗಿ ಎದ್ದು ಬರುತ್ತದೆ. ಮೆತ್ತನೆ ಬ್ರಷ್ ಸಾಕು. ಉಬ್ಬಿದ ಕಡೆ ಕೆಂಪು ಇಣುಕಿದರೆ ಕೊಳೆ ಅಂದುಕೊಂಡು ತಿಕ್ಕಬೇಡಿ, ಅದು ಆ ಮಣ್ಣೇ. ಮೇಲೆ ಬಂಗಾರದ ಬಣ್ಣದ ಪೇಂಟ್ ಹೊಡೆಸಲೂಬೇಡಿ. ಅದು ಕೆಲವೇ ವರ್ಷಗಳಲ್ಲಿ ಕಂದು ತಿರುಗುತ್ತದೆ, ಬಂಗಾರ ತಿರುಗೋದಿಲ್ಲ.

ಇನ್ನು ಹಿರಿಯರನ್ನು ಕೇಳೋದು. "ಎಷ್ಟು ಹಳೇದು?" ಅಂದರೆ ಎಲ್ಲರೂ ನೂರು ವರ್ಷ ಅಂತಾರೆ. "ಯಾವ ಗೋಡೆ ಮೇಲಿತ್ತು? ಯಾರ ಮದುವೆಯಲ್ಲಿ ನೋಡಿದ್ದಿ?" ಅಂತ ಕೇಳಿ. ನಮ್ಮ ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಕಾನ ಮದುವಿ ಫೋಟೋದಾಗ ಐತಿ ನೋಡು" ಅಂದರು. ಪೆಟ್ಟಿಗೆ ತೆಗೆದು ನೋಡಿದರೆ, ಮದುಮಕ್ಕಳ ಹಿಂದಿನ ಗೋಡೆ ಮೇಲೆ ಅದೇ ಕಟ್ಟು, ಎಡಗಡೆ ಮೂಲೆಯ ಹೂವು ಆಗಲೇ ಮುರಿದಿತ್ತು!

ಕಣ್ಣಾರೆ ಕಂಡದ್ದನ್ನು ಒಂದು ಹಾಳೆಯಲ್ಲಿ, ಕೇಳಿದ್ದನ್ನು ಇನ್ನೊಂದರಲ್ಲಿ ಬರೆಯಿರಿ. ಹೇಳಿದವರ ಹೆಸರು, ತಾರೀಖು ಇರಲಿ. ಗೊತ್ತಿಲ್ಲದ ವರ್ಷಗಳನ್ನು ಖಾಲಿ ಬಿಡಿ. ನಾನು ಆ ಹಾಳೆಗಳನ್ನೂ ಚೀಟಿಯ ತುಂಡನ್ನೂ ಒಂದು ಲಕೋಟೆಯಲ್ಲಿಟ್ಟು, ಗಮ್ ಹಚ್ಚದೆ, ಕಟ್ಟಿನ ಹಿಂದೆ ದಾರದಿಂದ ಕಟ್ಟಿದ್ದೇನೆ.