ರ‍್ಯಾಮ್ ಕೆಟ್ಟಿದೆಯೇ? ಸ್ಟಿಕ್, ಸ್ಲಾಟ್, ಸೆಟ್ಟಿಂಗ್: ತಪ್ಪು ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ

ಒಂದು ದಿನ ಬ್ರೌಸರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮರುದಿನ ನೀಲಿ ಪರದೆ ಬರುತ್ತದೆ, ಆಮೇಲೆ ಎರಡು ದಿನ ಏನೂ ಇಲ್ಲ. ರ‍್ಯಾಮ್ ಹಾಳಾದಾಗ ಕಾಣುವುದು ಹೀಗೆ ಗೊತ್ತುಗುರಿಯಿಲ್ಲದ ವರ್ತನೆಯೇ. (ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ತಾತ್ಕಾಲಿಕ ಮೆಮೊರಿ. ಅದರ ಚಿಪ್‌ಗಳಿರುವ ಪಟ್ಟಿಯೇ ಸ್ಟಿಕ್, ಅದು ಮದರ್‌ಬೋರ್ಡಿನಲ್ಲಿ ಕೂರುವ ಜಾಗವೇ ಸ್ಲಾಟ್.) ನೀಲಿ ಪರದೆಯಲ್ಲಿ ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ (ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ') ಮೊದಲ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು. ಸದಾ ಒಂದೇ ಕೋಡ್, ಜೊತೆಗೆ ಒಂದೇ ಡ್ರೈವರ್ (ಯಾವುದೋ ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಫೈಲಿನ ಹೆಸರು ಬರುತ್ತಿದ್ದರೆ ತಪ್ಪು ಆ ಡ್ರೈವರಿನದೇ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಸಿಆರ್‌ಸಿ ಎರರ್ (ಫೈಲಿನ ಡೇಟಾ ತಾಳೆಯಾಗುತ್ತಿಲ್ಲ ಎಂಬ ಸಂದೇಶ) ಬಂದು, ಮತ್ತೊಮ್ಮೆ ಸರಿಯಾಗಿ ಬಿಚ್ಚಿಕೊಂಡರೆ ಅದೂ ಬಲವಾದ ಸುಳಿವು.

ಪರೀಕ್ಷೆಗೆ ಕೈಹಾಕುವ ಮುನ್ನ ಒಂದು ಮಾತು: ಅನುಮಾನವಿರುವ ಕಂಪ್ಯೂಟರಿನಿಂದ ಹಳೆಯ ಬ್ಯಾಕಪ್ ಮೇಲೆ ಹೊಸ ಬ್ಯಾಕಪ್ ಬರೆಯಬೇಡಿ. ಕಾಪಿಯಾಗುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ (0 ಅಥವಾ 1 ಎಂಬ ಅತಿ ಚಿಕ್ಕ ಮಾಹಿತಿ) ತಿರುಚಿಕೊಂಡರೂ ಅದೇ ತಪ್ಪು ಡಿಸ್ಕಿಗೆ ಇಳಿಯುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ತುರ್ತಾಗಿ ಬೇಕಾದದ್ದಿದ್ದರೆ ಬೇರೆ ಡಿಸ್ಕಿಗೆ ಪ್ರತ್ಯೇಕವಾಗಿ ಕಾಪಿ ಮಾಡಿ, ಹಳೆಯದನ್ನು ಹಾಗೇ ಬಿಡಿ.

ಈಗ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ (ಸ್ಟಿಕ್ಕನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್) ಆನ್ ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಡಬ್ಬಿಯ ಮೇಲೆ 3600 ಎಂದು ಬರೆದಿರುವ ಡಿಡಿಆರ್4 ಸ್ಟಿಕ್ ಆ ವೇಗಕ್ಕೆ ಏರುವುದು ಈ ಪ್ರೊಫೈಲ್ ಹಾಕಿದಾಗ ಮಾತ್ರ. ಆಗ ವೋಲ್ಟೇಜ್ ಸಾಮಾನ್ಯವಾಗಿ 1.2 ವೋಲ್ಟ್‌ನಿಂದ 1.35 ವೋಲ್ಟ್‌ಗೆ ಏರುತ್ತದೆ. ಪ್ರೊಫೈಲ್ ತೆಗೆದ ಮೇಲೆ ತೊಂದರೆ ನಿಂತರೆ ಸ್ಟಿಕ್ ಸತ್ತಿಲ್ಲ. ಆ ವೇಗವನ್ನು ಪ್ರೊಸೆಸರಿನ ಮೆಮೊರಿ ಕಂಟ್ರೋಲರೋ, ಮದರ್‌ಬೋರ್ಡೋ, ಸ್ಟಿಕ್ಕೋ ತಾಳಿಕೊಳ್ಳುತ್ತಿಲ್ಲ ಅಷ್ಟೆ. ನಾಲ್ಕೂ ಸ್ಲಾಟ್ ತುಂಬಿದಾಗ, ಬೇರೆ ಬೇರೆ ಕಿಟ್‌ಗಳನ್ನು ಬೆರೆಸಿದಾಗ ಇದು ತುಂಬಾ ಸಾಮಾನ್ಯ. ಈ ಹಂತ ಬಿಟ್ಟು ಹೊಸ ರ‍್ಯಾಮ್ ಕೊಂಡರೆ ದುಡ್ಡು ದಂಡ.

ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಸುಲಭದ ದಾರಿ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ, ರೀಸ್ಟಾರ್ಟ್ ಮಾಡಿ, ಪರೀಕ್ಷೆ ಶುರುವಾದಾಗ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿ. ಫಲಿತಾಂಶ ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನ 'ಸಿಸ್ಟಮ್' ಲಾಗ್‌ನಲ್ಲಿ ಸಿಗುತ್ತದೆ. ಅದು ತಪ್ಪು ತೋರಿಸಿದರೆ ನಂಬಿ. ತಪ್ಪಿಲ್ಲ ಎಂದರೆ ಅಷ್ಟಕ್ಕೇ ನಂಬಬೇಡಿ. ಆಗಾಗ ಮಾತ್ರ ಕೈಕೊಡುವ ರ‍್ಯಾಮ್ ಇದರಲ್ಲಿ ಪಾಸಾಗಿಬಿಡುತ್ತದೆ.

ಗಟ್ಟಿ ಪರೀಕ್ಷೆಗೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಬೇಕು. ಇವು ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದರಿಂದ ಹೆಚ್ಚುಕಡಿಮೆ ಪೂರ್ತಿ ರ‍್ಯಾಮ್ ಪರೀಕ್ಷೆಗೆ ಸಿಗುತ್ತದೆ. ಪೆನ್‌ಡ್ರೈವ್ ಸಿದ್ಧಪಡಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ ನೋಡಿ. ಕನಿಷ್ಠ ನಾಲ್ಕು ಪಾಸ್ (ಪರೀಕ್ಷೆಯ ಪೂರ್ತಿ ಸುತ್ತು) ಓಡಲಿ. 16 ಜಿಬಿ ಇದ್ದರೂ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗುವುದೇ ಒಳ್ಳೆಯದು. ಒಂದೇ ಒಂದು ಎರರ್ ಬಂದರೂ ಫೇಲ್ ಎಂದೇ ಲೆಕ್ಕ. ಆದರೆ ಯಾವುದು ಫೇಲ್ ಎಂಬುದು ಇನ್ನೂ ಗೊತ್ತಾಗಿಲ್ಲ.

ಎರರ್ ಸಾಲುಗಳನ್ನು ಗಮನವಿಟ್ಟು ಓದಿ. ಬರೆದದ್ದು 00000000, ಓದಿದಾಗ ಸಿಕ್ಕಿದ್ದು 00000004 ಎಂದಿದ್ದರೆ ಒಂದು ಬಿಟ್ ಮಾತ್ರ ತಪ್ಪಿದೆ. ಪ್ರತಿ ಪಾಸ್‌ನಲ್ಲೂ ಅದೇ ವಿಳಾಸ (ಮೆಮೊರಿಯೊಳಗಿನ ಜಾಗದ ಸಂಖ್ಯೆ), ಅದೇ ಬಿಟ್ ಬಂದರೆ ಚಿಪ್‌ನೊಳಗಿನ ಕೋಶವೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ವಿಳಾಸಗಳು ಎಲ್ಲೆಂದರಲ್ಲಿ ಹರಡಿದ್ದು, ಬೇರೆ ಬೇರೆ ಬಿಟ್‌ಗಳು ತಪ್ಪುತ್ತಿದ್ದರೆ ವೋಲ್ಟೇಜ್, ಟೈಮಿಂಗ್, ಸ್ಲಾಟಿನ ಸಂಪರ್ಕ ಇವುಗಳ ಕಡೆ ನೋಡಿ. ವಿಳಾಸ ನೋಡಿ ಇದು ಎರಡನೇ ಸ್ಟಿಕ್ ಎಂದು ಊಹಿಸಲು ಹೋಗಬೇಡಿ. ಡ್ಯುಯಲ್ ಚಾನೆಲ್‌ನಲ್ಲಿ (ಎರಡು ಸ್ಟಿಕ್‌ಗಳನ್ನು ಒಟ್ಟಿಗೆ ಬಳಸುವ ವ್ಯವಸ್ಥೆ) ವಿಳಾಸಗಳು ಎರಡೂ ಸ್ಟಿಕ್‌ಗಳಿಗೆ ಹಂಚಿಹೋಗಿರುತ್ತವೆ.

ಆದ್ದರಿಂದ ಒಂದೊಂದಾಗಿ ಪರೀಕ್ಷಿಸಬೇಕು. ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಳ್ಳಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಿನ್‌ಗಳಿಗೆ ಬೆರಳು ತಾಗದಿರಲಿ. ಪಿನ್ ಮಬ್ಬಾಗಿದ್ದರೆ ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ನಾಲ್ಕು ಸ್ಲಾಟಿನ ಬೋರ್ಡ್‌ನಲ್ಲಿ ಒಂದೇ ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್. ಮ್ಯಾನುಯಲ್ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ತುದಿಯ ಲಾಚ್ 'ಟಕ್' ಎನ್ನುವವರೆಗೆ ಒತ್ತಿ. ಅರೆಬರೆ ಕೂತ ಸ್ಟಿಕ್ಕೂ ಥೇಟ್ ಕೆಟ್ಟ ಸ್ಟಿಕ್ಕಿನ ಹಾಗೇ ಆಡುತ್ತದೆ.

ಒಂದೇ ಸ್ಲಾಟ್‌ನಲ್ಲಿ ಎಲ್ಲ ಸ್ಟಿಕ್‌ಗಳನ್ನೂ ಸರದಿಯಂತೆ ಹಾಕಿ ಪರೀಕ್ಷೆ ಓಡಿಸಿ. ಒಂದು ಮಾತ್ರ ಫೇಲ್ ಆದರೆ ಅದೇ ಅಪರಾಧಿ. ಎಲ್ಲವೂ ಫೇಲ್ ಆದರೆ ಸ್ಟಿಕ್‌ಗಳನ್ನು ದೂರಬೇಡಿ. ಒಂದನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ಅಲ್ಲಿ ಪಾಸಾದರೆ ಹಳೆಯ ಸ್ಲಾಟಿನದೇ ತಪ್ಪು. ಅಲ್ಲೂ ಫೇಲ್ ಆದರೆ ಬಯೋಸ್ ಅಪ್‌ಡೇಟ್, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), ಪ್ರೊಸೆಸರಿನ ಕಂಟ್ರೋಲರ್ ಇವುಗಳ ಸರದಿ. ಒಂಟಿಯಾಗಿ ಎಲ್ಲವೂ ಪಾಸಾಗಿ ಜೊತೆಯಾಗಿ ಹಾಕಿದಾಗ ಮಾತ್ರ ಫೇಲ್ ಆದರೆ ಅದು ಹೊಂದಾಣಿಕೆಯ ಸಮಸ್ಯೆ. ವೇಗವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ.

ಕಂಪ್ಯೂಟರ್ ಪರದೆಯನ್ನೇ ತೋರಿಸದೆ ಬೀಪ್ ಮಾಡುತ್ತಿದ್ದರೆ ಅಥವಾ ಮದರ್‌ಬೋರ್ಡಿನ 'ಡಿರ‍್ಯಾಮ್' ದೀಪ ಉರಿದೇ ಇದ್ದರೆ ನೇರವಾಗಿ ಈ ಒಂದೊಂದೇ ಸ್ಟಿಕ್‌ನ ಹಂತಕ್ಕೆ ಬನ್ನಿ. ಡಿಡಿಆರ್5 ಆದರೆ ತಾಳ್ಮೆಯಿರಲಿ: ಸ್ಟಿಕ್ ಬದಲಿಸಿದ ಮೇಲೆ ಮೊದಲ ಬೂಟ್‌ನಲ್ಲಿ ಬೋರ್ಡ್ ಮೆಮೊರಿ ಟ್ರೇನಿಂಗ್ (ಸ್ಟಿಕ್ಕಿಗೆ ತಕ್ಕ ಸೆಟ್ಟಿಂಗ್ ಹುಡುಕಿಕೊಳ್ಳುವ ಕೆಲಸ) ಮಾಡುವಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು.

ಹೊಸ ಸ್ಟಿಕ್ ಹಾಕಿದ ಮೇಲೆ ಅದನ್ನೂ ಮೆಮ್‌ಟೆಸ್ಟ್‌ಗೆ ಹಚ್ಚಿ. ಅದು ಪಾಸಾದ ಮೇಲೆಯೇ ವಿಂಡೋಸ್‌ನ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಸರಿಪಡಿಸುವುದು) ಮತ್ತು ಸಿಸ್ಟಮ್ ಫೈಲ್ ಚೆಕರ್ (ವಿಂಡೋಸ್‌ನದೇ ಫೈಲುಗಳನ್ನು ಸರಿಪಡಿಸುವುದು) ಓಡಿಸಿ. ಕೆಟ್ಟ ರ‍್ಯಾಮ್ ಇದ್ದಾಗ ಇವನ್ನು ಓಡಿಸಿದರೆ ಸರಿಯಿದ್ದ ಫೈಲನ್ನೂ ಕೆಡಿಸುವ ಅಪಾಯವಿದೆ. ನಿಮ್ಮ ಸ್ವಂತ ಫೋಟೊ, ದಾಖಲೆಗಳನ್ನು ಈ ಎರಡೂ ಸರಿಪಡಿಸುವುದಿಲ್ಲ. ತೊಂದರೆ ಶುರುವಾದ ನಂತರ ಉಳಿಸಿದ ಮುಖ್ಯ ಫೈಲುಗಳನ್ನು ತೆರೆದು ನೋಡಿ, ಕೆಟ್ಟದ್ದನ್ನು ಹಳೆಯ ಬ್ಯಾಕಪ್‌ನಿಂದ ವಾಪಸ್ ತನ್ನಿ.