ಎಂಟಡಿ ಪಟ್ಟಿ, ಅಡಿಕೆ ದಬ್ಬೆ ಮತ್ತು ನನ್ನ ಕಟಿಂಗ್ ಮಷಿನ್

ಕೋಣಂದೂರಿನಿಂದ ಒಳಗೆ ಒಂದು ತೋಟದ ಮನೆ. ಅಡುಗೆಮನೆ ಕೆಲಸಕ್ಕೆ ಹೋಗಿದ್ದೆ. ಆಳೆತ್ತರದ ಕಪಾಟಿನ ಎರಡು ಬಾಗಿಲುಗಳನ್ನು ಹಿಂಜ್‌ಗೆ ಕೂರಿಸಿ ಮುಚ್ಚಿದೆ. ಮೇಲ್ಗಡೆ ಎರಡೂ ಮುಟ್ಟಿಕೊಂಡವು, ಕೆಳಗೂ ಮುಟ್ಟಿಕೊಂಡವು, ನಡುವೆ ಮಾತ್ರ ಬೆಂಕಿಕಡ್ಡಿ ತೂರುವಷ್ಟು ಸಂದು. ಮನೆಯ ಅಮ್ಮ ಬಂದು ನೋಡಿ, "ಎಂತ ಆಚಾರ್ರೇ, ಜಿರಳೆಗೂ ಒಂದು ಬಾಗಿಲು ಇಟ್ರಾ?" ಅಂದರು. ನಗುತ್ತಲೇ ಅಂದದ್ದು. ಆದರೂ ಅವತ್ತು ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ.

ಆಗ ನನ್ನ ಹತ್ತಿರ ಇದ್ದದ್ದು ನಾಲ್ಕಿಂಚಿನ ಮಾರ್ಬಲ್ ಕಟರ್, ಅದಕ್ಕೆ ಮರದ ಬ್ಲೇಡು. ನಮ್ಮ ಕಡೆ ಅರ್ಧಕ್ಕರ್ಧ ಬಡಗಿಗಳ ಚೀಲದಲ್ಲಿ ಇವತ್ತಿಗೂ ಅದೇ ಇದೆ. ಪೆನ್ಸಿಲ್ ಗೆರೆ ಎಳೆದು ಕಣ್ಣಳತೆಯಲ್ಲೇ ಓಡಿಸುವುದು. ಎರಡಡಿ ಕೊಯ್ಯುವಾಗ ಗೊತ್ತಾಗದ ಸೊಟ್ಟ ಏಳಡಿಯಲ್ಲಿ ಎದ್ದು ಕಾಣುತ್ತದೆ. ಮೊಣಕಾಲೂರಿ ಅರ್ಧ ದೂರ ಹೋದ ಮೇಲೆ ಎದ್ದು ಮುಂದಕ್ಕೆ ಸರಿದು ಮತ್ತೆ ಕೂರಬೇಕಲ್ಲ, ಮಷಿನ್ ಒಳಕ್ಕೆ ತಿರುಗುವುದು ಅಲ್ಲೇ.

ನಮ್ಮಪ್ಪನಿಗೆ ಈ ತೊಂದರೆ ಇರಲಿಲ್ಲ. ನೂಲು ಹೊಡೆದು, ಗೆರೆ ಉಳಿಸಿ ಕೈಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಕೀಸುಳಿಯಲ್ಲಿ ತೆಗೆಯುತ್ತಿದ್ದರು. ಹಲಸಿನ ಹಲಗೆಗೆ ಅದು ಚೆನ್ನ. ಪ್ಲೈವುಡ್ಡಿಗೆ ಕೀಸುಳಿ ಹಾಕಿದರೆ ಅಂಟಿನ ಪದರಕ್ಕೆ ಅಲಗಿನ ಬಾಯಿ ಹೋಗುತ್ತದೆ, ಲ್ಯಾಮಿನೇಟ್ ಅಂಟಿಸಿದ್ದಾದರೆ ಕೇಳುವುದೇ ಬೇಡ. ಅಲ್ಲಿ ಮೊದಲ ಕೊಯ್ತವೇ ಕೊನೆಯ ಕೊಯ್ತ. ಶಿವಮೊಗ್ಗದಲ್ಲಿ ವರ್ಕ್‌ಶಾಪ್ ಮಾಡಿಕೊಂಡವರಿಗೆ ಪ್ಯಾನೆಲ್ ಸಾ, ಅಂದರೆ ದೊಡ್ಡ ಮೇಜಿಗೇ ಕೂರಿಸಿದ ಗರಗಸ ಇರುತ್ತದೆ, ಪ್ಲೈವುಡ್ ಹಾಳೆ ಇಟ್ಟು ತಳ್ಳಿದರಾಯಿತು. ನಮ್ಮದು ಗಿರಾಕಿಯ ಅಂಗಳದಲ್ಲೇ ನಡೆಯುವ ಕೆಲಸ. ಕೊನೆಯ ಎರಡು ಕಿಲೋಮೀಟರಿಗೆ ಜೀಪೇ ಗತಿಯಾದ ಜಾಗಕ್ಕೆ ಮೇಜು ಹೊತ್ತು ಹೋಗುವುದಾದರೂ ಹೇಗೆ? ಎಂಟಡಿ-ನಾಲ್ಕಡಿಯ 18 ಮಿ.ಮೀ. ಹಾಳೆ ಒಂದೊಂದೂ ಮೂವತ್ತು ಕಿಲೋ ಮೇಲೆ ತೂಗುತ್ತದೆ. ಅದನ್ನು ಮಷಿನಿನ ಹತ್ತಿರ ಒಯ್ಯುವ ಬದಲು ಮಷಿನನ್ನೇ ಅದರ ಮೇಲೆ ನೇರ ಓಡಿಸುವುದು ವಾಸಿ ಅನ್ನಿಸಿತು.

ಜಿರಳೆ ಬಾಗಿಲಿನ ದುಡ್ಡು ಬಂದಾಗ ಏಳೂಕಾಲು ಇಂಚಿನ ಬ್ಲೇಡಿನ ಸರ್ಕ್ಯುಲರ್ ಸಾ ತಂದೆ. ರೈಲು ಅಂದರೆ ಮಷಿನ್ ನೇರ ಓಡಲು ಹಾಳೆಯ ಮೇಲಿಡುವ ಲೋಹದ ಹಳಿ. ಅದನ್ನು ಕೊಳ್ಳುವಷ್ಟು ಉಳಿಯಲಿಲ್ಲ, ಬದಲಿಗೆ ಒಂದು ಪಟ್ಟಿಯನ್ನು ನಾನೇ ಮಾಡಿಕೊಂಡೆ. ತಳಕ್ಕೆ ಎಂಟಡಿ ಉದ್ದ, ಒಂದಡಿ ಅಗಲದ 6 ಮಿ.ಮೀ. ಪ್ಲೈ. ಅದರ ಮೇಲೆ ನಾಲ್ಕಿಂಚು ಅಗಲದ 12 ಮಿ.ಮೀ. ಪಟ್ಟಿ, ಕಂಪನಿಯಲ್ಲೇ ನೇರ ಕೊಯ್ದು ಬಂದ ಅಂಚು ಮಷಿನಿನ ಕಡೆಗೆ. ಕೆಳಗಿನಿಂದ ಸ್ಕ್ರೂ, ನಡುವೆ ಫೆವಿಕಾಲ್. ತಳದ ಪ್ಲೈಯನ್ನು ಬೇಕಂತಲೇ ಮುಂದಕ್ಕೆ ಹೆಚ್ಚು ಬಿಟ್ಟಿದ್ದೆ. ಅಂಟು ಒಣಗಿದ ಮೇಲೆ ಮಷಿನಿನ ತಳವನ್ನು ಮೇಲಿನ ಪಟ್ಟಿಗೆ ಒತ್ತಿಕೊಂಡು ಒಂದು ಸಲ ಓಡಿಸಿದೆ. ಹೆಚ್ಚಿದ್ದ ಪ್ಲೈ ಕತ್ತರಿಸಿ ಬಿತ್ತು. ಉಳಿದ ಅಂಚೇ ಬ್ಲೇಡು ಹಾಯುವ ಜಾಗ. ನನ್ನ ಮಷಿನಿನಲ್ಲಿ ತಳದ ಅಂಚಿನಿಂದ ಬ್ಲೇಡಿಗೆ 114 ಮಿ.ಮೀ. ಇದೆ, ಆದರೆ ಆ ಲೆಕ್ಕವನ್ನು ಮತ್ತೆ ಮಾಡಬೇಕಾಗಿಲ್ಲ. ಗೆರೆಗೆ ಅಂಚು ಕೂಡಿಸು, ಕ್ಲಾಂಪ್ ಬಿಗಿ, ಕೊಯ್ಯಿ. ಅಂಚು ಉಳಿಯುವ ತುಂಡಿನ ಮೇಲಿರಬೇಕು, ಬ್ಲೇಡಿನ ದಪ್ಪ ಬಿದ್ದುಹೋಗುವ ಕಡೆ ಹೋಗಬೇಕು ಅನ್ನುವುದೊಂದು ನೆನಪಿರಲಿ. ಇದನ್ನು ಮರೆತು ಒಂದು ಡ್ರಾಯರಿನ ಅಷ್ಟೂ ತುಂಡುಗಳನ್ನು ಎರಡೂವರೆ ಮಿ.ಮೀ. ಗಿಡ್ಡ ಮಾಡಿದ್ದೇನೆ.

ತಳದ ಪ್ಲೈಯನ್ನು ಪಟ್ಟಿಯ ಹಿಂದೆಯೂ ಮೂರಿಂಚು ಬಿಟ್ಟಿದ್ದೆ, ಕ್ಲಾಂಪ್ ಹಾಕಲಿಕ್ಕೆ. ಇದು ಬುದ್ಧಿಯಿಂದ ಮಾಡಿದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಅದಕ್ಕೆ ಮೊದಲು ಅಲ್ಯೂಮಿನಿಯಂ ಪಟ್ಟಿಯೊಂದನ್ನು ಹಾಳೆಗೆ ಕಟ್ಟಿ ಕೊಯ್ಯಲು ಹೋದಾಗ, ಪಟ್ಟಿಯ ಮೇಲಕ್ಕೆ ಚಾಚಿಕೊಂಡ ಮೋಟರು ಕೊನೆಯ ಕ್ಲಾಂಪಿಗೆ ಗುದ್ದಿ ಗಕ್ಕನೆ ನಿಂತಿತ್ತು. ಬ್ಲೇಡು ತಿರುಗುತ್ತಲೇ ಇತ್ತು, ಆ ಜಾಗದಲ್ಲಿ ಪ್ಲೈ ಸುಟ್ಟು ಕರಿ ಗುರುತಾಯಿತು. ಈಗ ಕರೆಂಟ್ ಹಾಕುವ ಮೊದಲು ಮಷಿನನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುಮ್ಮನೆ ಜಾರಿಸಿ ನೋಡುತ್ತೇನೆ. ವೈರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಪಟ್ಟಿ ಒಂದಿದ್ದರೆ ಎಲ್ಲ ನೇರ ಅಂದುಕೊಂಡಿದ್ದೆ. ಹಾಗಲ್ಲ ಅಂತ ತೋರಿಸಿಕೊಟ್ಟದ್ದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು.

ಹೊಸನಗರದ ಕಡೆ ಒಂದು ಮನೆ. ಹಾಳೆಯನ್ನು ನೆಲದಿಂದ ಎತ್ತಿ ಇಡಲು ರೀಪು ತರುವುದು ಮರೆತಿದ್ದೆ. ಯಜಮಾನರು, "ಅಂಗಳದ ತುಂಬ ದಬ್ಬೆ ಬಿದ್ದಿದೆಯಲ್ಲ ಮಾರಾಯ್ರೆ, ಅದನ್ನೇ ಹಾಕ್ಕಳಿ" ಅಂದರು. ಚಪ್ಪರದಿಂದ ಬಿಚ್ಚಿದ ದಬ್ಬೆ, ಗಟ್ಟಿಯೇನೋ ಹೌದು. ಆದರೆ ದಬ್ಬೆಯ ಬೆನ್ನು ಉರುಟು, ಒಂದರ ದಪ್ಪ ಇನ್ನೊಂದಕ್ಕಿಲ್ಲ. ಆ ಕಡೆ ಒಂದು, ಈ ಕಡೆ ಒಂದು ಇಟ್ಟು ನಡುವೆ ಉದ್ದಕ್ಕೆ ಕೊಯ್ಯಲು ಶುರುಮಾಡಿದೆ. ಐದಡಿ ಹೋಗುವಷ್ಟರಲ್ಲಿ ಹಾಳೆ ನಡುವೆ ಕುಸಿಯಿತು. ಕುಸಿದಾಗ ಕೊಯ್ದ ಸಂದಿನ ಮೇಲ್ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯಿತು. ಮುಂದಕ್ಕೆ ಹೋಗುತ್ತಿದ್ದ ಮಷಿನ್ ಚಂಗನೆ ಎದ್ದು ನನ್ನ ಕಡೆಗೇ ಹಾರಿತು. ನಾನು ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕಿದ್ದೆ, ಬ್ಲೇಡಿಗೆ ಮರೆಯಾಗುವ ಕೆಳಗಿನ ಗಾರ್ಡು ಸರಿಯಾಗಿ ಮುಚ್ಚಿಕೊಂಡಿತು. ಹಾಗಾಗಿ ತೊಡೆ ಉಳಿಯಿತು. ಪಟ್ಟಿಯ ಅಂಚಿನಲ್ಲಿ ಮಾತ್ರ ಅರ್ಧ ಇಂಚಿನ ಕಚ್ಚು. ಕೆಲವರು ಅಡ್ಡ ಬರುತ್ತದೆ ಅಂತ ಗಾರ್ಡಿಗೆ ಬೆಣೆ ಕೊಟ್ಟು ತೆರೆದೇ ಇಡುತ್ತಾರೆ. ಅವರ ಜೊತೆ ನಾನು ಕೆಲಸಕ್ಕೆ ನಿಲ್ಲುವುದಿಲ್ಲ.

ಆಮೇಲೆ ಹಾಳೆ ಕೂರುವ ಬಗೆಯ ಮೇಲೇ ನನ್ನ ಗಮನ ಹೆಚ್ಚಾಯಿತು. ಒಂದೇ ದಪ್ಪದ ನಾಲ್ಕು ರೀಪು, ಕೊಯ್ಯುವ ಗೆರೆಯ ಈಚೆಗೆರಡು, ಆಚೆಗೆರಡು. ಹಾಗಿದ್ದರೆ ಕೊಯ್ದು ಮುಗಿದ ಮೇಲೂ ಎರಡೂ ತುಂಡು ಇದ್ದಲ್ಲೇ ಇರುತ್ತವೆ, ಯಾವುದೂ ಬೀಳುವುದಿಲ್ಲ, ಯಾವುದೂ ಕಚ್ಚುವುದಿಲ್ಲ. ಎರಡಿಂಚಿನ ಥರ್ಮಾಕೋಲ್ ಹಾಳೆ ಹಾಸಿ ಅದರ ಮೇಲೆ ಕೊಯ್ಯುವುದು ಇನ್ನೂ ಸಲೀಸು ಅಂತ ಕೇಳಿ ಅದನ್ನೂ ಮಾಡಿದೆ. ಕೊಯ್ತ ಚೆನ್ನಾಗಿಯೇ ಬರುತ್ತದೆ. ಆದರೆ ಆ ಬಿಳಿ ಕಾಳು ಅಡಿಕೆ ಒಣಹಾಕಿದ ಅಂಗಳಕ್ಕೆಲ್ಲ ಹಾರಿ, ಮನೆಯವರು ಅಡಿಕೆಯಿಂದ ಅದನ್ನು ಆರಿಸುತ್ತ ಕೂತಾಗ ಥರ್ಮಾಕೋಲ್ ಕೈಬಿಟ್ಟೆ. ಈಗ ಹಳೆಯ ಫ್ಲಶ್ ಡೋರ್ (ಸಪಾಟು ಬಾಗಿಲು) ಒಂದನ್ನು ಹೊತ್ತೊಯ್ಯುತ್ತೇನೆ. ಅದರ ಮೈ ತುಂಬ ಬ್ಲೇಡಿನ ಗೀರು. ಬ್ಲೇಡನ್ನು ಹಾಳೆಯ ದಪ್ಪಕ್ಕಿಂತ ಮೂರು-ನಾಲ್ಕು ಮಿ.ಮೀ. ಮಾತ್ರ ಕೆಳಗಿಳಿಸುವುದರಿಂದ ಗೀರು ಆಳಕ್ಕೆ ಹೋಗುವುದಿಲ್ಲ. ತಳದ ಪ್ಲೈಯ 6 ಮಿ.ಮೀ. ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಸಿಬಿರಿನ ವಿಷಯ. ಸರ್ಕ್ಯುಲರ್ ಸಾ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಹಾಗಾಗಿ ಸಿಬಿರು ಏಳುವುದು ಮೇಲ್ಮೈಯಲ್ಲಿ. ಪಟ್ಟಿ ಇಲ್ಲದಾಗ ಲ್ಯಾಮಿನೇಟಿನ ಚಂದದ ಮುಖವನ್ನು ಕೆಳಗೆ ಮಾಡಿ ಇಡುತ್ತಿದ್ದೆ. ಪಟ್ಟಿಯ ಅಂಚು ಗೆರೆಯ ಮೇಲೇ ಒತ್ತಿಕೊಂಡಿರುವುದರಿಂದ ಆ ಬದಿಗೆ ಸಿಬಿರು ಏಳಲು ಎಡೆ ಇಲ್ಲ, ಚಂದದ ಮುಖ ಮೇಲೇ ಇರಬಹುದು. ಬಿದ್ದುಹೋಗುವ ಬದಿಯಲ್ಲಿ ಎದ್ದರೆ ಏಳಲಿ. 24 ಹಲ್ಲಿನ ಬ್ಲೇಡು ತೆಗೆದಿಟ್ಟು 60 ಹಲ್ಲಿನದು ಹಾಕಿದ್ದೂ ಗುಣ ಕೊಟ್ಟಿತು. ಬ್ಲೇಡಿನ ದಪ್ಪ ಬದಲಾದರೆ ಪಟ್ಟಿಯ ಅಂಚು ಹೊಂದುವುದಿಲ್ಲ. ಅದಕ್ಕೇ ಒಂದು ಪಟ್ಟಿಗೆ ಒಂದೇ ಬ್ಲೇಡು ಅಂತ ಮಾಡಿಕೊಂಡೆ.

ಆ ಪಟ್ಟಿ ಎರಡು ಬೇಸಿಗೆ ದುಡಿಯಿತು. ಮೂರನೇ ವರ್ಷ ಆರಿದ್ರಾ ಮಳೆಯಲ್ಲಿ ಕೆಟ್ಟಿತು. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು 6 ಮಿ.ಮೀ. ಪ್ಲೈ ಯಾವ ಲೆಕ್ಕ. ಒರಗಿಸಿಟ್ಟಿದ್ದು ಬಿಲ್ಲಿನಂತೆ ಬಗ್ಗಿತ್ತು. ಬಗ್ಗಿದೆ ಅಂತ ಕಣ್ಣಿಗೆ ಕಂಡಿರಲಿಲ್ಲ, ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಪರೀಕ್ಷೆ ಅಂದರೆ ಇಷ್ಟೇ: ಹಾಳೆಯ ಮೇಲೆ ಪಟ್ಟಿ ಇಟ್ಟು ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ, ಅದೇ ಅಂಚನ್ನು ಅವೇ ಎರಡು ತುದಿಗಳಿಗೆ ಕೂಡಿಸಿ ಇನ್ನೊಂದು ಗೆರೆ ಎಳೆಯಿರಿ. ನೇರವಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಸೊಟ್ಟವಿದ್ದರೆ ನಡುವೆ ಹೊಟ್ಟೆ ಬರುತ್ತದೆ, ಅದೂ ಇರುವ ಸೊಟ್ಟದ ಎರಡರಷ್ಟು. ನನ್ನದರಲ್ಲಿ ಗೆರೆಗಳ ನಡುವೆ 5 ಮಿ.ಮೀ. ಇತ್ತು. ಅಂದರೆ ಪಟ್ಟಿ ಎರಡೂವರೆ ಮಿ.ಮೀ. ಬಗ್ಗಿತ್ತು.

ಕೊನೆಗೆ ಮಷಿನ್ ಸಮೇತ ರೈಲು ಕೊಂಡೆ. 1.4 ಮೀಟರಿನ ಎರಡು ತುಂಡು, ಜೋಡಿಸಿದರೆ 2.8 ಮೀಟರ್, 2.44 ಮೀಟರಿನ ಹಾಳೆಗೆ ಧಾರಾಳ. ಮೂರು ಮೀಟರಿನ ಒಂದೇ ರೈಲು ಇನ್ನೂ ಒಳ್ಳೆಯದಿತ್ತು, ಆದರೆ ಅದನ್ನು ಓಮ್ನಿಯ ತಲೆಗೆ ಕಟ್ಟಿ ನಮ್ಮ ರಸ್ತೆಯಲ್ಲಿ ಒಯ್ದರೆ ನೇರವಾಗಿ ವಾಪಸು ಬರುವ ನಂಬಿಕೆ ನನಗಿಲ್ಲ. ಕೊಳ್ಳುವವರು ಮಷಿನಿನ ತಳಕ್ಕೆ ಯಾವ ರೈಲು ಕೂರುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು. ಮಕೀಟಾ ಮಷಿನ್ ಫೆಸ್ಟೂಲ್ ರೈಲಿನ ಮೇಲೆ ಓಡುತ್ತದೆ, ಬಾಷ್‌ನದು ಬೇರೆ ನಮೂನೆ. ಜೋಡಿಸುವಾಗ ಎರಡು ತುಂಡಿನ ತುದಿಗಳನ್ನು ಒತ್ತಿ ಕೂಡಿಸಿದರೆ ಕೆಡುತ್ತದೆ. ತುದಿ ಮೂಲೆಮಟ್ಟಕ್ಕೆ ಸ್ವಲ್ಪ ತಪ್ಪಿದ್ದರೂ ರೈಲು ಅಲ್ಲಿ ಮುರಿದುಕೊಳ್ಳುತ್ತದೆ. ನಾನು ನಡುವೆ ಒಂದು ರಟ್ಟಿನ ಚೂರಿಟ್ಟು, ಪಕ್ಕಕ್ಕೆ ಅಲ್ಯೂಮಿನಿಯಂ ಕಿಟಕಿ ಸೆಕ್ಷನ್ ಒತ್ತಿ ಹಿಡಿದು, ಸ್ಕ್ರೂ ಬಿಗಿದ ಮೇಲೆ ರಟ್ಟು ತೆಗೆಯುತ್ತೇನೆ.

ಅಡ್ಡ ಕೊಯ್ತಕ್ಕೆ ಟೇಪು ಹಿಡಿಯುವುದನ್ನು ಬಿಟ್ಟಿದ್ದೇನೆ. ಒಂದೇ ಅಳತೆಯ ಎರಡು ಪ್ಲೈ ಕಡ್ಡಿ ಕೊಯ್ದುಕೊಂಡು, ಹಾಳೆಯ ಅಂಚಿನಿಂದ ರೈಲಿಗೆ ಎರಡೂ ತುದಿಯಲ್ಲಿ ಒಂದೊಂದು ತಾಗಿಸಿದರೆ ಹತ್ತು ತುಂಡೂ ಒಂದೇ ಅಗಲ. ಮೂಲೆ ಮಟ್ಟವಿದೆಯೇ ನೋಡಲು ಒಂದು ಬದಿಗೆ 900 ಮಿ.ಮೀ., ಇನ್ನೊಂದಕ್ಕೆ 1200 ಗುರುತು ಹಾಕಿದರೆ ಕರ್ಣ 1500 ಬರಬೇಕು.

ತೋಡು ತೆಗೆಯುವ ಮಷಿನ್ ರೌಟರಿಗೂ ಪಟ್ಟಿ ಬೇಕು, ಅದರ ಬುದ್ಧಿ ಬೇರೆ. ಕಪಾಟಿನ ಬೆನ್ನಿನ ಹಲಗೆಗೆ 6 ಮಿ.ಮೀ. ತೋಡು ತೆಗೆಯುವಾಗ ಮೊದಮೊದಲು ತೋಡು ಹಾವಿನಂತೆ ಬರುತ್ತಿತ್ತು. ಕಾರಣ ತಿಳಿಯಲು ಒಂದು ಇಡೀ ದಿನ ಹಿಡಿಯಿತು. ಮೇಲಿನಿಂದ ನೋಡಿದರೆ ಬಿಟ್ (ರೌಟರಿನ ಅಲಗು) ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಮುಂದಕ್ಕೆ ತಳ್ಳುವಾಗ ರೌಟರ್ ಎಡಕ್ಕೆ ಎಳೆಯುತ್ತದೆ. ನಾನು ಪಟ್ಟಿಯನ್ನು ಬಲಕ್ಕೆ ಕಟ್ಟಿದ್ದೆ! ಎಡಕ್ಕೆ ಕಟ್ಟಿದ ಮೇಲೆ ರೌಟರ್ ತಾನೇ ಪಟ್ಟಿಗೆ ಅಂಟಿಕೊಂಡು ಹೋಗುತ್ತದೆ. ಇನ್ನೊಂದು, ಟ್ರಿಮ್ಮರಿನ (ಸಣ್ಣ ರೌಟರ್) ತಳದ ನಟ್ಟನಡುವೆಯೇ ಬಿಟ್ ಇರುತ್ತದೆ ಅನ್ನುವ ಖಾತ್ರಿಯಿಲ್ಲ. ಓಡುವಾಗ ಕೈ ತಿರುಗಿದರೆ ತೋಡು ಅರ್ಧ ಮಿ.ಮೀ. ಸರಿಯುತ್ತದೆ. ತಳದ ಒಂದು ಬದಿಗೆ ಕೆಂಪು ಚುಕ್ಕೆ ಇಟ್ಟುಕೊಂಡಿದ್ದೇನೆ, ಆ ಬದಿಯೇ ಪಟ್ಟಿಗೆ. 8 ಮಿ.ಮೀ. ಆಳವನ್ನು ಮೂರು ಸಲದಲ್ಲಿ ತೆಗೆಯುತ್ತೇನೆ.

ಮಿಲ್ಲಿನಿಂದ ಬಂದ ಹಲಸಿನ ಹಲಗೆಯ ಡೊಂಕು ಅಂಚನ್ನು ನೇರ ಮಾಡಲು ರೈಲಿನಷ್ಟು ಅನುಕೂಲ ಬೇರೊಂದಿಲ್ಲ. ಆದರೆ ಪ್ಲೈಯಂತೆ ಅದು ಸುಮ್ಮನೆ ಮಲಗಿರುವುದಿಲ್ಲ. ಕೊಯ್ಯುತ್ತಿದ್ದಂತೆ ಒಳಗಿನ ಎಳೆತ ಬಿಟ್ಟುಕೊಂಡು ಸಂದು ಹಿಂದಿನಿಂದ ಮುಚ್ಚುತ್ತ ಬರುತ್ತದೆ. ಎರಡಡಿ ಕೊಯ್ದು, ಮಷಿನ್ ನಿಲ್ಲಿಸಿ, ಹಿಂದಿನ ಸಂದಿಗೆ ಸಣ್ಣ ಬೆಣೆ ಹೊಡೆದು ಮುಂದುವರಿಯುತ್ತೇನೆ. ಒಂದೂವರೆ ಇಂಚು ದಪ್ಪವಿದ್ದರೆ ಎರಡು ಸಲಕ್ಕೆ. ಅಟ್ಟದಲ್ಲಿ ಹೊಗೆ ಕುಡಿದು ವರ್ಷಗಟ್ಟಲೆ ಇದ್ದ ಹಲಗೆ ಈ ಹಟ ಮಾಡುವುದು ಕಡಿಮೆ. ಹಸಿ ಹಲಗೆಯನ್ನು ಇವತ್ತು ನೇರ ಕೊಯ್ದರೂ ದೀಪಾವಳಿ ಹೊತ್ತಿಗೆ ಅದು ಮತ್ತೆ ತನ್ನ ದಾರಿ ಹಿಡಿದಿರುತ್ತದೆ, ಅದಕ್ಕೆ ಒಂದು ಬೆರಳು ಹೆಚ್ಚೇ ಬಿಡುತ್ತೇನೆ.

ರೈಲಿನಿಂದ ಆಗದ ಕೆಲಸವೂ ಇದೆ. ನಾಲ್ಕಿಂಚಿಗಿಂತ ಸಣ್ಣ ಪಟ್ಟಿ ಕೊಯ್ಯಬೇಕಾದರೆ ರೈಲಿಗೆ ಕೆಳಗೆ ಆಧಾರ ಸಿಗದೆ ಅದು ವಾಲುತ್ತದೆ. ಅದೇ ದಪ್ಪದ ಇನ್ನೊಂದು ತುಂಡನ್ನು ಪಕ್ಕಕ್ಕಿಟ್ಟು ರೈಲನ್ನು ಎರಡರ ಮೇಲೂ ಕೂರಿಸಿ ನಿಭಾಯಿಸುತ್ತೇನೆ. ಅದಕ್ಕಿಂತಲೂ ಸಣ್ಣ ಬೀಡಿಂಗ್ (ಅಂಚಿನ ಪಟ್ಟಿ) ತುಂಡುಗಳಿಗೆ ಈಗಲೂ ಅಪ್ಪನ ಕೈಗರಗಸವೇ.