ವರ್ಸಿಕಾನ್ ಪ್ರೈಮರ್‌ನಲ್ಲಿ ನಾನು ಎಡವಿದ್ದು

ಮೊದಲ ಜೆಲ್ ನೋಡಿ ಕುಣಿದಾಡಿದ್ದೆ. ಧಾರವಾಡದಲ್ಲಿ ಪಿಎಚ್‌ಡಿಯ ಎರಡನೇ ವರ್ಷ, ಹೊರಗೆ ಜಿಟಿಜಿಟಿ ಮಳೆ, ಯುವಿ ಬೆಳಕಿನಲ್ಲಿ ವರ್ಸಿಕಾನ್ ಬ್ಯಾಂಡ್ ಫಳಫಳ ಹೊಳೀತಿತ್ತು. ವರ್ಸಿಕಾನ್ ಅಂದರೆ ಜೀವಕೋಶಗಳ ನಡುವಿನ ಜಾಲದಲ್ಲಿರೋ ಒಂದು ದೊಡ್ಡ ಪ್ರೋಟೀನ್; ಅದರ ಆರ್‌ಎನ್‌ಎಯನ್ನು ಆರ್‌ಟಿ ಅನ್ನೋ ಕಿಣ್ವದಿಂದ ಡಿಎನ್‌ಎ ಮಾಡಿ, ಪಿಸಿಆರ್‌ನಲ್ಲಿ ನಕಲು ಹೆಚ್ಚಿಸಿ, ಜೆಲ್‌ನಲ್ಲಿ ಓಡಿಸಿದ್ದೆ. ಮೇಡಂ ಬಂದು ಕೊನೆಯ ಲೇನ್ ಮೇಲೆ ಬೆರಳಿಟ್ಟರು. "ಆರ್‌ಟಿ ಕಿಣ್ವ ಹಾಕದ ಟ್ಯೂಬ್ ಅಲ್ಲೇನಪಾ ಇದು? ಇದರಾಗೂ ಬ್ಯಾಂಡ್ ಹೆಂಗ ಬಂತು?"

ನನ್ನ ಎರಡೂ ಪ್ರೈಮರ್ (ನಕಲು ಎಲ್ಲಿಂದ ಎಲ್ಲಿಗೆ ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಂಡುಗಳು) ಎಕ್ಸಾನ್ 8ರ, ಅಂದರೆ ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ತುಂಡುಗಳಲ್ಲಿ ಎಂಟನೆಯದರ, ಒಳಗೇ ಕೂತಿದ್ದವು. ಆರ್‌ಎನ್‌ಎ ಜೊತೆ ಚೂರು ಜೀನೋಮಿಕ್ ಡಿಎನ್‌ಎ ಉಳಿದಿದ್ದರೂ ಸಾಕು, ಅದೇ ಅಳತೆಯ ಬ್ಯಾಂಡ್ ಬರುತ್ತೆ, ನಡುವೆ ಕತ್ತರಿಸಿ ಹೋಗುವ ಇಂಟ್ರಾನೇ ಇಲ್ಲವಲ್ಲ. ಅದು ಹೋಗಲಿ, ಡಿಎನ್‌ಎ ಕತ್ತರಿಸುವ ಡಿಎನೇಸ್ ಕಿಣ್ವ ಹಾಕಿ ಸರಿಮಾಡಬಹುದು. ಆದರೆ ವರ್ಸಿಕಾನ್‌ಗೆ ವಿ0, ವಿ1, ವಿ2, ವಿ3 ಅಂತ ರೂಪಗಳಿವೆ; ಎಕ್ಸಾನ್ 8 ವಿ0ದಲ್ಲೂ ಇದೆ, ವಿ1ರಲ್ಲೂ ಇದೆ. ಬ್ಯಾಂಡ್ ಯಾವುದರದ್ದು ಅಂತ ಹೇಳೋದು ಹೇಗೆ?

ಅವತ್ತು ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಹಳೇ ಕ್ಯಾಲೆಂಡರ್ ಕತ್ತರಿಸಿ ಪಟ್ಟಿ ಮಾಡಿದೆ. 100 ಬೇಸ್‌ಗೆ ಒಂದು ಸೆಂಟಿಮೀಟರ್. ಮನುಷ್ಯನ ಈ ಜೀನ್ ಐದನೇ ಕ್ರೋಮೊಸೋಮ್‌ನಲ್ಲಿದೆ, 15 ಎಕ್ಸಾನ್. ಎಕ್ಸಾನ್ 6 ಮತ್ತು 9 ಪುಟಾಣಿ ತುಂಡು. ನಡುವಿನ ಎರಡು ಮಾತ್ರ ದೈತ್ಯರು: ಎಕ್ಸಾನ್ 7ಕ್ಕೆ 2961 ಬೇಸ್, ಎಕ್ಸಾನ್ 8ಕ್ಕೆ 5262. ಎಂಟಕ್ಕೆ ಅರ್ಧ ಮೀಟರ್ ದಾಟಿತು, ಎರಡು ಹಾಳೆ ಅಂಟಿಸಬೇಕಾಯ್ತು. ಕಾಂಡ್ರಾಯ್ಟಿನ್ ಸಲ್ಫೇಟ್ ಅನ್ನೋ ಸಕ್ಕರೆ ಸರಗಳು ಅಂಟಿಕೊಳ್ಳೋದು ಈ ಎರಡರಿಂದ ಬರುವ ಭಾಗಕ್ಕೇ. ಏಳರದ್ದು ಆಲ್ಫಾ, ಎಂಟರದ್ದು ಬೀಟಾ.

ಎರಡನ್ನೂ ಇಟ್ಟರೆ ವಿ0. ಏಳನ್ನು ತೆಗೆದರೆ ವಿ1, ಎಂಟನ್ನು ತೆಗೆದರೆ ವಿ2, ಎರಡೂ ತೆಗೆದರೆ ವಿ3. ವಿ3ಕ್ಕೆ ಸರ ಕಟ್ಟೋಕೆ ಜಾಗವೇ ಇಲ್ಲ, ಹಾಗಾಗಿ ಅದನ್ನು ಪ್ರೋಟಿಯೋಗ್ಲೈಕಾನ್ (ಇಂಥ ಸರ ಹೊತ್ತ ಪ್ರೋಟೀನ್) ಅಂತ ಕರೆಯೋದೇ ಸುಮ್ನೆ ರೂಢಿ. ನನಗೆ ಮಜಾ ಅನಿಸಿದ್ದು ಲೆಕ್ಕ. 2961ನ್ನೂ 5262ನ್ನೂ ಮೂರರಿಂದ ಭಾಗಿಸಿ ನೋಡಿ, ಶೇಷ ಉಳಿಯಲ್ಲ; ಮೂರು ಬೇಸ್‌ಗೆ ಒಂದು ಅಮೈನೋ ಆಮ್ಲ ತಾನೇ. ಅದಕ್ಕೇ ಯಾವ ತುಂಡು ಬಿಟ್ಟುಹೋದರೂ ಮುಂದಿನ ಓದು ತಪ್ಪಲ್ಲ: ವಿ0ದ 3396 ಅಮೈನೋ ಆಮ್ಲದಲ್ಲಿ 987 ಕಳೆದರೆ ವಿ1ರ 2409, ಎರಡೂ ಕಳೆದರೆ ವಿ3ರ 655.

ಪಟ್ಟಿ ಮಡಚಿ ಮಡಚಿ ನೋಡಿದ ಮೇಲೆ ತಿಳೀತು, ಪ್ರೈಮರ್ ಹಿಡಿಯಬೇಕಾದ್ದು ಎಕ್ಸಾನ್ ಅಲ್ಲ, ಜೋಡಣೆ. ವಿ0ಕ್ಕೆ ಏಳರ ತುದಿಯಿಂದ ಎಂಟರ ಶುರುವಿಗೆ, ವಿ1ಕ್ಕೆ ಆರರಿಂದ ಎಂಟಕ್ಕೆ, ವಿ2ಕ್ಕೆ ಏಳರ ತುದಿಯಿಂದ ಒಂಬತ್ತಕ್ಕೆ, ವಿ3ಕ್ಕೆ ಆರರಿಂದ ಒಂಬತ್ತಕ್ಕೆ. ಆರು-ಒಂಬತ್ತರ ಜೋಡಿ ವಿ0ದ ಮೇಲೂ ಕೂರುತ್ತೆ ನಿಜ, ಆದರೆ ಅಲ್ಲಿ ನಡುವೆ 8223 ಬೇಸ್ ಇದೆ. ನಕಲು ಬೆಳೆಯೋ ಎಕ್ಸ್‌ಟೆನ್ಶನ್ ಹಂತಕ್ಕೆ 30 ಸೆಕೆಂಡ್ ಕೊಟ್ಟರೆ ನಕಲು ಮಾಡೋ ಮಾಮೂಲಿ ಟಾಕ್ ಕಿಣ್ವ ಅಷ್ಟು ದೂರ ಓಡಲ್ಲ, ಅದು ನಮಗೆ ಒಳ್ಳೇದೇ ಆಯ್ತು.

ಇದು ಬರೀ ಪ್ರೈಮರ್ ತಕರಾರಲ್ಲ ಅನ್ನೋದು ವ್ಯಾಗ್ನರ್ ಕಾಯಿಲೆ ಬಗ್ಗೆ ಓದಿದಾಗ ಗೊತ್ತಾಯ್ತು. ಕಣ್ಣೊಳಗಿನ ವಿಟ್ರಿಯಸ್ ಅನ್ನೋ ಲೋಳೆ ಹಾಳಾಗುವ ಕಾಯಿಲೆ, 1938ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕುಟುಂಬದಲ್ಲಿ ಮೊದಲು ಗುರುತಿಸಿದ್ದು. ಎಕ್ಸಾನ್ 8ರ ಅಂಚಿನ ಸ್ಪ್ಲೈಸ್ (ಜೋಡಣೆ) ಜಾಗದಲ್ಲಿ ಒಂದೇ ಅಕ್ಷರ ಕೆಟ್ಟರೂ ಎಂಟು ಬಿಟ್ಟುಹೋಗಿ ವಿ2, ವಿ3 ಜಾಸ್ತಿಯಾಗುತ್ತವೆ.

ಹೊಸ ಪ್ರೈಮರ್ ಬಂದವು. ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳ ಆರ್‌ಎನ್‌ಎಯಲ್ಲಿ ವಿ0, ವಿ1 ಚೆನ್ನಾಗಿ ಬಂದವು, ಆರ್‌ಟಿ ಇಲ್ಲದ ಲೇನ್ ಖಾಲಿ. ವಿ2 ಮಾತ್ರ ಕಾಣಲೇ ಇಲ್ಲ. ಒಂದು ವಾರ ತಾಪಮಾನ ಏರಿಸಿದೆ, ಇಳಿಸಿದೆ, ಮೆಗ್ನೀಷಿಯಂ ಬದಲಿಸಿದೆ, ಕೊನೆಗೆ ಪ್ರೈಮರ್ ಕಳಿಸಿದವರನ್ನೇ ಬೈದೆ.

ಮೇಡಂ ಚಹಾ ಕುಡಿಯುತ್ತಾ ಕೇಳಿದರು. "ಮೆದುಳಿನ ಆರ್‌ಎನ್‌ಎ ಹಾಕಿ ನೋಡೀಯೇನು?"

ದೊಡ್ಡವರ ಮೆದುಳಲ್ಲಿ ಮುಖ್ಯವಾಗಿ ಇರೋದು ವಿ2 ಅಂತ ಪರೀಕ್ಷೆಯಲ್ಲಿ ಬರೆದಿದ್ದೆ ಬೇರೆ. ಫ್ರೀಜರಿನಲ್ಲಿ ಮೆದುಳಿನ ಆರ್‌ಎನ್‌ಎಯ ಒಂದು ಟ್ಯೂಬ್ ಇತ್ತು, ನನ್ನದೇ ಅಕ್ಷರದ ಲೇಬಲ್. ಮರುದಿನ ಮಧ್ಯಾಹ್ನ ಬ್ಯಾಂಡ್ ಬಂತು.